ಹಿಂದಿನ ಸ್ಪೀಕರ್ ಯಾಕೆ ಸುಮ್ಮನಿದೆ? 5.1 ಸೆಟಪ್‌ಗೆ ಡ್ಯಾಕ್, ಡಿಕೋಡರ್, ಕೇಬಲ್ ಆರಿಸುವ ಬಗೆ

"ಹಿಂದೆ ಇಟ್ಟಿರೋ ಆ ಎರಡು ಡಬ್ಬ ಬರೀ ಶೋಕಿಗಾ?"

ಭಾವ ಹಾಗೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಐದು ಸ್ಪೀಕರ್, ಬೇಸ್‌ಗೆಂದೇ ಒಂದು ಸಬ್‌ವೂಫರ್ (ಇದಕ್ಕೇ 5.1 ಅನ್ನುವುದು), ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಎರಡೂವರೆ ಸಾವಿರದ ಡಿಕೋಡರ್ ಪೆಟ್ಟಿಗೆ, ಟಿವಿಯಿಂದ ಅದಕ್ಕೊಂದು ಆಪ್ಟಿಕಲ್ ಕೇಬಲ್. ದೀಪಗಳೆಲ್ಲ ಉರಿಯುತ್ತಿದ್ದವು. ಸದ್ದು ಮಾತ್ರ ಮುಂದಿನ ಎರಡು ಸ್ಪೀಕರ್‌ನಿಂದಷ್ಟೇ. ಮೂರು ಭಾನುವಾರ ಅದರ ಬೆನ್ನು ಹತ್ತಿದೆ. ಪೆಟ್ಟಿಗೆ ಕೆಟ್ಟಿದೆ ಅಂದುಕೊಂಡು ಅಂಗಡಿಗೂ ಹೊತ್ತುಕೊಂಡು ಹೋದೆ. ಅಲ್ಲಿ ಅದು ಆರೂ ಚಾನಲ್‌ನಲ್ಲಿ, ಅಂದರೆ ಒಂದೊಂದು ಸ್ಪೀಕರ್‌ಗೂ ಅದರದೇ ಸದ್ದು ಕೊಟ್ಟು, ಚೆನ್ನಾಗಿ ಹಾಡಿತು. ತಪ್ಪು ಇದ್ದದ್ದು ನಮ್ಮನೆ ಟಿವಿಯ ಮೆನುವಿನಲ್ಲಿ. 'ಡಿಜಿಟಲ್ ಔಟ್‌ಪುಟ್' ಎಂಬ ಕಡೆ 'ಪಿಸಿಎಂ' ಎಂದಿತ್ತು. ಅಂದರೆ ಟಿವಿಯೇ ಆರು ಚಾನಲ್ಲನ್ನು ಎರಡಕ್ಕೆ ಇಳಿಸಿ ಕಳಿಸುತ್ತಿತ್ತು. ಪಾಪ ಪೆಟ್ಟಿಗೆ ಏನು ಮಾಡೀತು?

ಈಗ ಯಾರಾದರೂ "ಯಾವ ಡ್ಯಾಕ್ ತಗೊಳ್ಳಲಿ?" ಎಂದು ಕೇಳಿದರೆ ನಾನು ಹೆಸರು ಹೇಳುವುದಿಲ್ಲ. (ಡ್ಯಾಕ್ ಎಂದರೆ ಡಿಜಿಟಲ್ ಅಂಕಿಗಳನ್ನು ಅನಲಾಗ್ ಸದ್ದಾಗಿ ಬದಲಾಯಿಸುವ ಸಾಧನ.) ಮೊದಲು ಚಾನಲ್ ಎಣಿಸಿ ಅನ್ನುತ್ತೇನೆ. ಸದ್ದು ಹುಟ್ಟುವ ಕಡೆಯಿಂದ ಸ್ಪೀಕರ್ ತನಕ ಪ್ರತಿ ತಂತಿಯಲ್ಲೂ ಎಷ್ಟು ಚಾನಲ್ ಹೋಗುತ್ತಿದೆ ಎಂದು ಗೊತ್ತಾದರೆ, ಯಾವ ಪೆಟ್ಟಿಗೆ ಬೇಕು ಎನ್ನುವುದು ಹೆಚ್ಚುಕಡಿಮೆ ತಾನೇ ಗೊತ್ತಾಗುತ್ತದೆ.

1. ಹಾಳೆ ಮೇಲೆ ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಳ್ಳಿ. ಎಡಕ್ಕೆ ಸದ್ದಿನ ಮೂಲ ಬರೆಯಿರಿ. ಟಿವಿಯ ಆಪ್, ಬ್ಲೂ-ರೇ ಪ್ಲೇಯರ್, ಕಂಪ್ಯೂಟರ್, ಯಾವುದಾದರೂ ಸರಿ. ಬಲಕ್ಕೆ ಸ್ಪೀಕರ್ ಬರೆಯಿರಿ. ನಡುವೆ ಮೂರು ಕೆಲಸ ಆಗಬೇಕು.

ಮೊದಲನೆಯದು ಡಿಕೋಡ್. ಡಾಲ್ಬಿ, ಡಿಟಿಎಸ್ ಎಂದರೆ ಆರು ಚಾನಲ್ಲನ್ನು ಒತ್ತಿ ಗಂಟು ಕಟ್ಟಿದ ಹಾಗೆ. ಆ ಗಂಟು ಬಿಚ್ಚಬೇಕು. ಬಿಚ್ಚಿದ ಮೇಲೆ ಸಿಗುವ ಅಂಕಿಗಳಿಗೆ ಪಿಸಿಎಂ ಎನ್ನುತ್ತಾರೆ. ಎರಡನೆಯದು ಆ ಅಂಕಿಗಳನ್ನು ಅನಲಾಗ್ ವೋಲ್ಟೇಜ್ ಮಾಡುವುದು. ಡ್ಯಾಕ್ ಮಾಡುವುದು ಇಷ್ಟೇ ಕೆಲಸ. ಮೂರನೆಯದು ಆಂಪ್ಲಿಫೈಯರ್‌ದು, ಸ್ಪೀಕರ್ ತಳ್ಳುವಷ್ಟು ಶಕ್ತಿ ಕೊಡುವುದು.

ಜನ ಎಡವುವುದು ಮೊದಲನೆಯದಕ್ಕೂ ಎರಡನೆಯದಕ್ಕೂ ಇರುವ ವ್ಯತ್ಯಾಸ ಗೊತ್ತಿಲ್ಲದೆ. ಸಾವಿರಾರು ರೂಪಾಯಿ ಕೊಟ್ಟು ತಂದ ಎಂಟು ಚಾನಲ್ಲಿನ ಯುಎಸ್‌ಬಿ ಡ್ಯಾಕ್‌ಗೆ ಸಾಮಾನ್ಯವಾಗಿ ಡಾಲ್ಬಿ ಬಿಚ್ಚಲು ಬರುವುದಿಲ್ಲ. ಅದನ್ನು ಕಂಪ್ಯೂಟರೇ ಬಿಚ್ಚಿ ಕೊಡಬೇಕು. ಎರಡೂವರೆ ಸಾವಿರದ ನನ್ನ ಪೆಟ್ಟಿಗೆಗೆ ಬಿಚ್ಚಲು ಬರುತ್ತದೆ, ಆದರೆ ಯುಎಸ್‌ಬಿಯಿಂದ ಆರು ಚಾನಲ್ ತೆಗೆದುಕೊಳ್ಳಲು ಬರುವುದಿಲ್ಲ. ಎರಡನ್ನೂ ಅಂಗಡಿಯಲ್ಲಿ 'ಆಡಿಯೊ ಕನ್ವರ್ಟರ್' ಎಂದೇ ಮಾರುತ್ತಾರೆ. ಇನ್ನು ಬರೀ ಸ್ಟೀರಿಯೊ ಡ್ಯಾಕ್‌ಗೆ ಡಾಲ್ಬಿ ಗಂಟನ್ನೇ ಕಳಿಸಿದರೆ ಅದು ಸುಮ್ಮನೆ ಕೂರುತ್ತದೆ, ಇಲ್ಲವೇ ಚರ್ರೆಂದು ಕಿವಿ ಹರಿಯುವ ಹಾಗೆ ಕಿರುಚುತ್ತದೆ. ಹೊಸದೇನನ್ನು ಜೋಡಿಸುವಾಗಲೂ ವಾಲ್ಯೂಮ್ ಕೆಳಗಿರಲಿ.

2. ಸ್ಪೀಕರ್‌ಗಳ ಬೆನ್ನು ನೋಡಿ

ಮೂಲ ನೋಡುವುದಕ್ಕಿಂತ ಮುಂಚೆ ಇದನ್ನು ನೋಡಿದರೆ ಅರ್ಧ ಗೊಂದಲ ಮುಗಿಯುತ್ತದೆ.

ಸ್ಪೀಕರ್ ಹಿಂದೆ ಬರೀ ಕೆಂಪು-ಕಪ್ಪು ತಂತಿ ಸಿಕ್ಕಿಸುವ ಕ್ಲಿಪ್ ಇದೆಯೇ? ಹಾಗಿದ್ದರೆ ಅವು ಪ್ಯಾಸಿವ್. ಅವಕ್ಕೆ ಆಂಪ್ಲಿಫೈಯರ್ ಬೇಕೇ ಬೇಕು. ಆಂಪ್ ಇನ್ನೂ ಕೊಂಡಿಲ್ಲ ಎಂದಾದರೆ ಡ್ಯಾಕ್ ಹುಡುಕಬೇಡಿ, ಸೀದಾ ಒಂದು ಎವಿ ರಿಸೀವರ್ ತೆಗೆದುಕೊಳ್ಳಿ. ಡಿಕೋಡರ್, ಡ್ಯಾಕ್, ಆಂಪ್, ಸಬ್‌ವೂಫರ್‌ಗೆ ಬೇಸ್ ಕಳಿಸುವ ಲೆಕ್ಕಾಚಾರ, ಎಲ್ಲ ಅದರೊಳಗೇ ಇರುತ್ತದೆ. ಅದನ್ನು ಬಿಟ್ಟು ಮೂರು ಬೇರೆ ಬೇರೆ ಪೆಟ್ಟಿಗೆ ಜೋಡಿಸುವುದು ಹವ್ಯಾಸಕ್ಕಾದರೆ ಸರಿ, ಉಳಿತಾಯಕ್ಕಲ್ಲ. ಛಾವಣಿಯ ಸ್ಪೀಕರ್‌ಗಳೂ ಸೇರಿದ ಡಾಲ್ಬಿ ಆಟ್ಮಾಸ್ ಬೇಕು ಅನ್ನುವವರಿಗೂ ಇದೇ ಮಾತು.

ಸಬ್‌ವೂಫರ್ ಪೆಟ್ಟಿಗೆಯ ಹಿಂದೆ ಆರು ಆರ್‌ಸಿಎ ತೂತು (ಹಳೆ ಡಿವಿಡಿ ಪ್ಲೇಯರ್‌ನ ಕೆಂಪು-ಬಿಳಿ ಪಿನ್ ಹಾಕುವಂಥದ್ದು) ಇದೆಯೇ? ಅಥವಾ ಹಸಿರು, ಕಪ್ಪು, ಕಿತ್ತಳೆ ಬಣ್ಣದ ಮೂರು ಸಣ್ಣ ಪಿನ್ ಇರುವ ಕಂಪ್ಯೂಟರ್ ಸ್ಪೀಕರ್ ಸೆಟ್ಟೇ? ನಮ್ಮಲ್ಲಿ ಜಾಸ್ತಿ ಮನೆಗಳಲ್ಲಿ ಇರುವುದು ಇದೇ. ಸ್ಥಳೀಯವಾಗಿ ಜೋಡಿಸಿದ 5.1 ಆಂಪ್‌ಗಳೂ ಈ ಗುಂಪಿಗೇ ಸೇರುತ್ತವೆ. ಇವಕ್ಕೆ ಆರು ಅನಲಾಗ್ ಚಾನಲ್ ಕೊಟ್ಟರೆ ಸಾಕು. ಟಿವಿಯಿಂದಾದರೆ ಡಿಕೋಡರ್ ಪೆಟ್ಟಿಗೆ, ಕಂಪ್ಯೂಟರ್‌ನಿಂದಾದರೆ ಸೌಂಡ್ ಕಾರ್ಡ್.

ಪ್ರತಿ ಸ್ಪೀಕರ್‌ಗೂ ಅದರದೇ ಕರೆಂಟ್ ವೈರ್ ಮತ್ತು ಎಕ್ಸ್‌ಎಲ್‌ಆರ್ ಅಥವಾ ಕಾಲಿಂಚಿನ ಟಿಆರ್‌ಎಸ್ ತೂತು ಇದ್ದರೆ ಅವು ಸ್ಟುಡಿಯೊ ಮಾನಿಟರ್. ಅವಕ್ಕೆ ಆಡಿಯೊ ಇಂಟರ್‌ಫೇಸ್ (ಕಂಪ್ಯೂಟರ್‌ಗೆ ಜೋಡಿಸಿ ಮೈಕು, ಸ್ಪೀಕರ್ ಹಾಕುವ ರೆಕಾರ್ಡಿಂಗ್ ಪೆಟ್ಟಿಗೆ) ಅಥವಾ ಬಹುಚಾನಲ್ ಡ್ಯಾಕ್. ಅದರ ಕಥೆ ಐದನೇ ಹೆಜ್ಜೆಯಲ್ಲಿದೆ.

3. ಯಾವ ಕೇಬಲ್ ಎಷ್ಟು ಹೊರುತ್ತದೆ

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಸಿನಿಮಾ ಸದ್ದನ್ನು ಸೆಕೆಂಡಿಗೆ 48,000 ಸಲ ಅಳೆದು ಇಟ್ಟಿರುತ್ತಾರೆ. ಒಂದೊಂದು ಅಳತೆಗೆ 24 ಬಿಟ್. ಎರಡು ಚಾನಲ್ ಎಂದರೆ 48,000 × 24 × 2, ಅಂದರೆ ಸೆಕೆಂಡಿಗೆ ಸುಮಾರು 23 ಲಕ್ಷ ಬಿಟ್. ಆರು ಚಾನಲ್ ಎಂದರೆ ಸುಮಾರು 69 ಲಕ್ಷ. ಡಿವಿಡಿಯಲ್ಲಿ ಇರುವ ಡಾಲ್ಬಿ ಡಿಜಿಟಲ್ 5.1 ಅದನ್ನೇ ಒತ್ತಿ ಹೆಚ್ಚೆಂದರೆ 4.48 ಲಕ್ಷ ಬಿಟ್‌ಗೆ ತರುತ್ತದೆ.

ಈಗ ಆಪ್ಟಿಕಲ್ ಕೇಬಲ್ ನೋಡಿ. ಅದರ ಕಿಂಡಿಗೆ ಟಾಸ್‌ಲಿಂಕ್ ಎಂದು ಹೆಸರು. ತೋಶಿಬಾ ಕಂಪನಿ ಸಿಡಿ ಪ್ಲೇಯರ್‌ಗಳಿಗಾಗಿ 1983ರಲ್ಲಿ ತಂದದ್ದು. ಅದರಲ್ಲಿ ಓಡುವುದು ಎಸ್‌ಪಿಡಿಐಎಫ್, ಸೋನಿ ಮತ್ತು ಫಿಲಿಪ್ಸ್ ಸೇರಿ ರೂಪಿಸಿದ ವ್ಯವಸ್ಥೆ. ಸಿಡಿ ಕಾಲದ್ದಲ್ವಾ, ಎರಡು ಚಾನಲ್ ಪಿಸಿಎಂಗೆಂದೇ ಮಾಡಿದ್ದು. ಬಿಚ್ಚಿದ ಆರು ಚಾನಲ್ ಅದರಲ್ಲಿ ಹಿಡಿಸುವುದಿಲ್ಲ. ಆದರೆ ಗಂಟು ಕಟ್ಟಿದ ಡಾಲ್ಬಿ ಡಿಜಿಟಲ್ ಅಥವಾ ಹಳೆಯ ಡಿಟಿಎಸ್ ಎರಡು ಚಾನಲ್ಲಿನ ಜಾಗದಲ್ಲೇ ಆರಾಮಾಗಿ ಕೂರುತ್ತದೆ. ಕೋಆಕ್ಸಿಯಲ್ ಎಂಬ ಒಂಟಿ ಆರ್‌ಸಿಎ ಕೇಬಲ್ಲಿನ ಕಥೆಯೂ ಇದೇ.

ಆದ್ದರಿಂದಲೇ ನನ್ನ ಟಿವಿ ಪಿಸಿಎಂನಲ್ಲಿ ಇದ್ದಾಗ ಹಿಂದಿನ ಸ್ಪೀಕರ್ ಸತ್ತದ್ದು. ಮೆನುವಿನಲ್ಲಿ ಅದನ್ನು 'ಡಾಲ್ಬಿ ಡಿಜಿಟಲ್' ಅಥವಾ 'ಬಿಟ್‌ಸ್ಟ್ರೀಮ್' ಮಾಡಬೇಕು. ಕೆಲವು ಟಿವಿಯಲ್ಲಿ 'ಆಟೊ' ಅಥವಾ 'ಪಾಸ್‌ಥ್ರೂ' ಎಂದಿರುತ್ತದೆ.

ಇನ್ನೊಂದು ತೊಡಕು ಇದೆ. ನೆಟ್‌ಫ್ಲಿಕ್ಸ್, ಪ್ರೈಮ್ ತರಹದ ಆಪ್‌ಗಳು ಟಿವಿಗೆ 5.1 ಕೊಡುವುದು ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ ರೂಪದಲ್ಲಿ. ಅದು ಆಪ್ಟಿಕಲ್‌ನಲ್ಲಿ ಹೋಗುವುದಿಲ್ಲ. ಎಷ್ಟೋ ಟಿವಿಗಳು ಅದನ್ನು ಹಳೆಯ ಡಾಲ್ಬಿ ಡಿಜಿಟಲ್‌ಗೆ ಬದಲಾಯಿಸಿ ಆಪ್ಟಿಕಲ್‌ಗೆ ಕೊಡುತ್ತವೆ. ಬದಲಾಯಿಸದ ಟಿವಿಯಾದರೆ ಸಿಗುವುದು ಸ್ಟೀರಿಯೊ. ಡಿಟಿಎಸ್ ಅನ್ನು ಮುಂದಕ್ಕೆ ಬಿಡದ ಟಿವಿಗಳೂ ಇವೆ. ಕೊಳ್ಳುವ ಮುಂಚೆ ನಿಮ್ಮ ಟಿವಿಯ ಕೈಪಿಡಿಯಲ್ಲಿ ಈ ಒಂದು ಪುಟ ಓದಿ.

ಎಚ್‌ಡಿಎಂಐ ದೊಡ್ಡ ಕೊಳವೆ. 24 ಬಿಟ್‌ನ ಎಂಟು ಚಾನಲ್ ಪಿಸಿಎಂ ಸಲೀಸಾಗಿ ಹೋಗುತ್ತದೆ. ಬ್ಲೂ-ರೇಯಲ್ಲಿ ಗುಣಮಟ್ಟ ಕಳೆಯದೆ ಗಂಟು ಕಟ್ಟಿದ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ ಬೇಕಾದರೆ ಇದೊಂದೇ ದಾರಿ. ಆದರೆ ಇದು ಪ್ಲೇಯರ್‌ನಿಂದ ಮುಂದಕ್ಕೆ ಹೋಗುವಾಗಿನ ಮಾತು. ಟಿವಿಯಿಂದ ಹಿಂದಕ್ಕೆ ಬರುವ ದಾರಿ ಬೇರೆ. 2009ರಲ್ಲಿ ಎಚ್‌ಡಿಎಂಐ 1.4 ಜೊತೆ ಬಂದ ಎಆರ್‌ಸಿ ಹೆಚ್ಚುಕಡಿಮೆ ಆಪ್ಟಿಕಲ್‌ನಷ್ಟೇ ಹೊರುತ್ತದೆ, ಜೊತೆಗೆ ಡಾಲ್ಬಿ ಡಿಜಿಟಲ್ ಪ್ಲಸ್ ಕೂಡ. 2017ರಲ್ಲಿ ಎಚ್‌ಡಿಎಂಐ 2.1 ಜೊತೆ ಬಂದ ಇಎಆರ್‌ಸಿಗೆ ಸೆಕೆಂಡಿಗೆ 37 ಮೆಗಾಬಿಟ್ ತನಕ ತಾಕತ್ತಿದೆ. ಆರು, ಎಂಟು ಚಾನಲ್ ಬಿಚ್ಚಿಯೇ ಕಳಿಸಬಹುದು. ಟಿವಿಯಲ್ಲೂ ರಿಸೀವರ್‌ನಲ್ಲೂ ಎರಡೂ ಕಡೆ ಇಎಆರ್‌ಸಿ ಇರಬೇಕು. ಟಿವಿಯ ಎಲ್ಲ ಎಚ್‌ಡಿಎಂಐ ತೂತಿನಲ್ಲಿ ಅದು ಇರುವುದಿಲ್ಲ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಬರೆದಿರುವ ತೂತಿಗೇ ಹಾಕಬೇಕು.

ಬ್ಲೂಟೂತ್ ಎರಡೇ ಚಾನಲ್. ಅಲ್ಲಿಗೆ ಮುಗಿಯಿತು.

ಅಂದಹಾಗೆ ಹೊಸ ಆಪ್ಟಿಕಲ್ ಕೇಬಲ್ಲಿನ ಎರಡೂ ತುದಿಗೆ ಕಡಲೆಕಾಳಿನಷ್ಟು ದೊಡ್ಡ ಪ್ಲಾಸ್ಟಿಕ್ ಟೊಪ್ಪಿಗೆ ಇರುತ್ತದೆ. ಗಾಜಿನ ಹಾಗೆ ಪಾರದರ್ಶಕ, ಕಣ್ಣಿಗೆ ಬೀಳುವುದೇ ಇಲ್ಲ. ಅದನ್ನು ತೆಗೆಯದೆ ತುರುಕಲು ಹೋಗಿ ಟಿವಿಯ ಕಿಂಡಿಯ ಬಾಗಿಲನ್ನೇ ಮುರಿದುಕೊಂಡವರನ್ನು ನೋಡಿದ್ದೇನೆ. ಟೊಪ್ಪಿಗೆ ತೆಗೆದು ಇನ್ನೊಂದು ತುದಿ ಟಿವಿಗೆ ಹಾಕಿ ನೋಡಿ. ಈಚೆ ತುದಿಯಲ್ಲಿ ಕೆಂಪು ಬೆಳಕು ಕಂಡರೆ ಕೇಬಲ್ ಸರಿ ಇದೆ. ಅದನ್ನು ವೈರಿನ ಹಾಗೆ ಮಡಚಿ ಮೊಳೆಗೆ ಸುತ್ತಬೇಡಿ, ಒಳಗಿನ ಎಳೆ ಮುರಿಯುತ್ತದೆ.

4. ಟಿವಿ ಮತ್ತು ಹಳೆಯ 5.1 ಸೆಟ್: ಡಿಕೋಡರ್ ಪೆಟ್ಟಿಗೆ

ಇದರಲ್ಲಿ ಎರಡು ಬಗೆ. ಒಂದಕ್ಕೆ ಆಪ್ಟಿಕಲ್, ಕೋಆಕ್ಸಿಯಲ್ ಇನ್‌ಪುಟ್ ಮಾತ್ರ. ಇನ್ನೊಂದಕ್ಕೆ ಎಚ್‌ಡಿಎಂಐ ಇನ್, ಎಚ್‌ಡಿಎಂಐ ಔಟ್ ಕೂಡ ಇರುತ್ತದೆ. ಪ್ಲೇಯರ್‌ಗೂ ಟಿವಿಗೂ ನಡುವೆ ಕೂತು ಚಿತ್ರವನ್ನು ಮುಂದಕ್ಕೆ ಬಿಟ್ಟು ಸದ್ದನ್ನು ಹೊರಗೆ ಎಳೆಯುವ ಪೆಟ್ಟಿಗೆ ಅದು.

ಎರಡನೆಯದನ್ನು ತಂದರೆ ಅದರ ಬದಿಯಲ್ಲಿ ಉಗುರಿನಿಂದ ಸರಿಸುವ ಒಂದು ಪುಟ್ಟ ಸ್ವಿಚ್ ಇರುತ್ತದೆ. ಸಾಮಾನ್ಯವಾಗಿ 'ಟಿವಿ', '2 ಸಿಎಚ್', '5.1' ಎಂದು ಬರೆದಿರುತ್ತದೆ. ಜನ ಅದನ್ನು ಗಮನಿಸುವುದಿಲ್ಲ. ಪ್ಲೇಯರ್ ಸದ್ದು ಕಳಿಸುವ ಮುಂಚೆ ಎದುರಿನವನಿಗೆ ಏನು ಅರ್ಥವಾಗುತ್ತದೆ ಎಂದು ಕೇಳುತ್ತದೆ. ಟಿವಿ "ನನಗೆ ಎರಡು ಚಾನಲ್ ಸಾಕು" ಎಂದರೆ ಎರಡನ್ನೇ ಕಳಿಸುತ್ತದೆ. ಸ್ವಿಚ್ಚನ್ನು '5.1'ಕ್ಕೆ ಸರಿಸಿದರೆ ಟಿವಿಯ ಬದಲು ಪೆಟ್ಟಿಗೆಯೇ ಉತ್ತರ ಕೊಡುತ್ತದೆ. ಸ್ವಿಚ್ ಸರಿಸಿದ ಮೇಲೆ ಪ್ಲೇಯರ್ ಅನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಅಂಗಡಿಯಲ್ಲಿ ಕೇಳಬೇಕಾದ್ದು: ಡಾಲ್ಬಿ ಡಿಜಿಟಲ್ ಮತ್ತು ಡಿಟಿಎಸ್ ಎರಡನ್ನೂ ಬಿಚ್ಚುತ್ತದೆಯೇ? ಆರು ಔಟ್‌ಪುಟ್ ನಿಜವಾಗಿ ಬೇರೆ ಬೇರೆಯೇ? ಕೆಲವು ಅಗ್ಗದ ಪೆಟ್ಟಿಗೆಗಳಲ್ಲಿ ಆರು ತೂತು ಇದ್ದರೂ ಒಳಗೆ ಎರಡೇ ಚಾನಲ್ಲನ್ನು ಮೂರು ಸಲ ಹಂಚಿರುತ್ತಾರೆ. ಬಾಯಿಮಾತಿಗೆ ಒಪ್ಪಬೇಡಿ. ಪೆನ್ ಡ್ರೈವ್‌ನಲ್ಲಿ ಒಂದು 5.1 ಟೆಸ್ಟ್ ಫೈಲ್ ಹಾಕಿಕೊಂಡು ಹೋಗಿ. "ಫ್ರಂಟ್ ಲೆಫ್ಟ್", "ಸೆಂಟರ್", "ರಿಯರ್ ರೈಟ್" ಎಂದು ಒಂದೊಂದೇ ಸ್ಪೀಕರ್‌ನಲ್ಲಿ ಹೇಳುವ ಫೈಲು. ಅಂಗಡಿಯವರ ಹತ್ತಿರವೇ ಹಾಕಿಸಿ ಕೇಳಿ. ಐದು ನಿಮಿಷದ ಕೆಲಸ.

ಮನೆಗೆ ತಂದು ಜೋಡಿಸಿದ ಮೇಲೆ ಹೀರೋ ಮಾತಾಡಿದರೆ ಗವಿಯೊಳಗಿಂದ ಬಂದ ಹಾಗೆ ಗೊಗ್ಗರು ದನಿ ಕೇಳುತ್ತದೆಯೇ? ಸೆಂಟರ್ ಮತ್ತು ಸಬ್‌ವೂಫರ್ ಅದಲುಬದಲಾಗಿವೆ. ಇವೆರಡೂ ಒಂದೇ ಸಣ್ಣ ಪಿನ್ನಿನಲ್ಲಿ ಜೋಡಿಯಾಗಿ ಬರುತ್ತವೆ. ಯಾವುದು ಎಡ, ಯಾವುದು ಬಲ ಎನ್ನುವುದು ಒಂದೊಂದು ಕಂಪನಿಗೆ ಒಂದೊಂದು. ಕೆಂಪು, ಬಿಳಿ ಆರ್‌ಸಿಎ ಅದಲುಬದಲು ಮಾಡಿದರೆ ಸರಿಹೋಗುತ್ತದೆ.

ಈ ಪೆಟ್ಟಿಗೆಗಳಲ್ಲಿ ಇಲ್ಲದ್ದು ಬೇಸ್ ಮ್ಯಾನೇಜ್‌ಮೆಂಟ್. 5.1ರಲ್ಲಿ '.1' ಎಂದರೆ ಸ್ಫೋಟ, ಗುಡುಗಿನಂತಹ ವಿಶೇಷ ಸದ್ದಿನ ಚಾನಲ್ ಅಷ್ಟೇ. ಉಳಿದ ಐದು ಚಾನಲ್‌ನಲ್ಲೂ ಬೇಸ್ ಇರುತ್ತದೆ. ಅಂಗೈಯಗಲದ ಸ್ಪೀಕರ್‌ಗೆ ಅದನ್ನು ನುಡಿಸಲು ಆಗುವುದಿಲ್ಲ. ರಿಸೀವರ್ ಆಗಿದ್ದರೆ 80 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆದು ಸಬ್‌ಗೆ ಕೊಡುತ್ತದೆ. ಬರೀ ಡಿಕೋಡರ್ ಅದನ್ನು ಮಾಡುವುದಿಲ್ಲ. ನಿಮ್ಮ ಆಂಪ್ ತಾನೇ ಮಾಡುತ್ತದೆಯೇ ಎಂದು ನೋಡಿ. ಮಾಡದಿದ್ದರೆ ಮೃದಂಗದ ತೊಪ್ಪಿ ಪೊಳ್ಳಾಗಿ ಕೇಳುತ್ತದೆ, ಸಬ್‌ವೂಫರ್ ಗುಡುಗಿಗಾಗಿ ಕಾಯುತ್ತಾ ಕೂರುತ್ತದೆ.

5. ಕಂಪ್ಯೂಟರ್‌ನಿಂದ ಆರು ಅಥವಾ ಎಂಟು ಚಾನಲ್

ಹಣ ಖರ್ಚು ಮಾಡುವ ಮುಂಚೆ ಡೆಸ್ಕ್‌ಟಾಪ್‌ನ ಹಿಂಭಾಗ ನೋಡಿ. ಹಸಿರು ಮುಂದಿನ ಸ್ಪೀಕರ್, ಕಪ್ಪು ಹಿಂದಿನದು, ಕಿತ್ತಳೆ ಸೆಂಟರ್ ಮತ್ತು ಸಬ್. ಮೂರೂ ತೂತು ಇದ್ದರೆ ನಿಮ್ಮ ಹತ್ತಿರ ಆಗಲೇ ಆರು ಚಾನಲ್ಲಿನ ಡ್ಯಾಕ್ ಇದೆ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ 'ಕಾನ್ಫಿಗರ್' ಒತ್ತಿ 5.1 ಆರಿಸಿ, ಒಂದೊಂದೇ ಸ್ಪೀಕರ್ ಪರೀಕ್ಷಿಸಿ. ಇದರಲ್ಲಿ ನನಗೆ ಕಂಡ ಕೊರತೆ ಒಂದೇ. ಸುಮ್ನೆ ಮೌಸ್ ಸರಿಸಿದರೂ ಸ್ಪೀಕರ್‌ನಲ್ಲಿ ಸೊಳ್ಳೆ ಹಾರಿದ ಹಾಗೆ 'ಝೀ' ಅನ್ನುತ್ತಿತ್ತು. ಎಲ್ಲ ಕಂಪ್ಯೂಟರ್‌ನಲ್ಲೂ ಹಾಗಾಗುವುದಿಲ್ಲ. ಆದರೆ ಆಗ ಮಾತ್ರ ಹೊರಗಿನ ಡ್ಯಾಕ್ ಹುಡುಕಿ.

ರಿಸೀವರ್ ಇದ್ದವರು ಗ್ರಾಫಿಕ್ಸ್ ಕಾರ್ಡ್‌ನ ಎಚ್‌ಡಿಎಂಐ ಅನ್ನು ಅದಕ್ಕೆ ಹಾಕಿದರೆ ಮುಗಿಯಿತು. ಎಂಟು ಚಾನಲ್ ಪಿಸಿಎಂ ಹೋಗುತ್ತದೆ. ಕಂಪ್ಯೂಟರಿನ ಆಪ್ಟಿಕಲ್ ಔಟ್ ಬೇಡ. ಸಿನಿಮಾ ಫೈಲ್‌ನಲ್ಲಿರುವ ಡಾಲ್ಬಿ ಹೋಗುತ್ತದೆ ನಿಜ, ಆದರೆ ಗೇಮ್‌ಗಳ ಸದ್ದು ಸಾಮಾನ್ಯವಾಗಿ ಎರಡೇ ಚಾನಲ್ ಆಗಿಬಿಡುತ್ತದೆ.

ಸ್ಟುಡಿಯೊ ಮಾನಿಟರ್ ಇದ್ದವರಿಗೆ ಯುಎಸ್‌ಬಿ ಇಂಟರ್‌ಫೇಸ್. ಇಲ್ಲಿ ಡಬ್ಬದ ಮೇಲಿನ ಅಂಕಿಗೆ ಮರುಳಾಗಬೇಡಿ. ಫೋಕಸ್‌ರೈಟ್ ಸ್ಕಾರ್ಲೆಟ್ 18ಐ20 ಮತ್ತು ಬೆಹ್ರಿಂಗರ್ ಯುಎಂಸಿ1820, ಎರಡರ ಹೆಸರಲ್ಲೂ 20 ಔಟ್‌ಪುಟ್ ಇದೆ. ಅದರಲ್ಲಿ ಅನಲಾಗ್ 10 ಮಾತ್ರ. ಉಳಿದವು ಡಿಜಿಟಲ್: 8 ಎಡ್ಯಾಟ್ (ಅದರ ಕಥೆ ಏಳನೇ ಹೆಜ್ಜೆಯಲ್ಲಿದೆ), 2 ಎಸ್‌ಪಿಡಿಐಎಫ್. 5.1ಕ್ಕೆ ಆರು, 7.1ಕ್ಕೆ ಎಂಟು ಬೇಕಾದ್ದರಿಂದ ಇವು ಸಾಕಾಗುತ್ತವೆ. ಆದರೆ ಸಣ್ಣ ಮಾದರಿಗಳಲ್ಲಿ ಹೆಸರಿನ ಅಂಕಿ ದೊಡ್ಡದಿದ್ದೂ ಅನಲಾಗ್ ನಾಲ್ಕೇ ಇರಬಹುದು. 'ಲೈನ್ ಔಟ್' ಎಂದು ಬರೆದ ತೂತುಗಳನ್ನು ಬೆರಳಲ್ಲಿ ಎಣಿಸಿ. ಹೆಡ್‌ಫೋನ್ ತೂತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಕೊಳ್ಳುವ ಮುಂಚೆ ಇನ್ನೆರಡು ಪ್ರಶ್ನೆ ಇವೆ. ಇವೆರಡನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ಮೊದಲನೆಯದು, ವಿಂಡೋಸ್‌ಗೆ ಅದು ಒಂದೇ 5.1 ಸಾಧನವಾಗಿ ಕಾಣುತ್ತದೆಯೇ? ಎಷ್ಟೋ ಇಂಟರ್‌ಫೇಸ್‌ಗಳು '1-2', '3-4', '5-6' ಎಂದು ಮೂರು ಸ್ಟೀರಿಯೊ ಜೋಡಿಯಾಗಿ ಕಾಣುತ್ತವೆ. ರೆಕಾರ್ಡಿಂಗ್ ಸಾಫ್ಟ್‌ವೇರ್‌ಗಳು ಎಎಸ್‌ಐಒ ಡ್ರೈವರ್ ಮೂಲಕ ಎಲ್ಲ ಚಾನಲ್ಲನ್ನೂ ಮುಟ್ಟುತ್ತವೆ. ಅವಕ್ಕೆ ತೊಂದರೆ ಇಲ್ಲ. ಸಿನಿಮಾ ಪ್ಲೇಯರ್‌ಗೆ, ಗೇಮ್‌ಗೆ ಮಾತ್ರ ಸ್ಟೀರಿಯೊ ಬಿಟ್ಟು ಬೇರೆ ಸಿಗುವುದಿಲ್ಲ. ಸಿನಿಮಾಗೆಂದು ಕೊಳ್ಳುವುದಾದರೆ, ಅದೇ ಮಾದರಿ ಬಳಸುವವರ ಹತ್ತಿರ ಇದನ್ನು ಕೇಳಿಯೇ ಕೊಳ್ಳಿ.

ಎರಡನೆಯದು, ಮುಂದಿರುವ ದೊಡ್ಡ ವಾಲ್ಯೂಮ್ ಗುಬುಟು ಆರೂ ಚಾನಲ್ಲನ್ನು ಒಟ್ಟಿಗೆ ಇಳಿಸುತ್ತದೆಯೇ, ಬರೀ ಮೊದಲ ಎರಡನ್ನೇ? ಎರಡನ್ನೇ ಆದರೆ ನೀವು ಸದ್ದು ಕಮ್ಮಿ ಮಾಡಿದಾಗ ಹಿಂದಿನವು ಜೋರಾಗಿಯೇ ಉಳಿಯುತ್ತವೆ. ಕಂಪ್ಯೂಟರಿನೊಳಗೇ ವಾಲ್ಯೂಮ್ ಇಳಿಸುವ ಉಪಾಯ ಇದೆ, ಆದರೆ ಯಾವುದೋ ಪ್ರೋಗ್ರಾಂ ಅದನ್ನು ಪೂರ್ತಿ ಏರಿಸಿದರೆ ಆರೂ ಮಾನಿಟರ್ ಒಮ್ಮೆಲೇ ಅಬ್ಬರಿಸುತ್ತವೆ. ಮಕ್ಕಳಿರುವ ಮನೆಯಲ್ಲಿ ಒಂದು ಗುಬುಟಿಗೆ ಆರೂ ಬಗ್ಗುವ ಸಾಧನವೇ ಇರಲಿ.

ಚಾನಲ್ ಕ್ರಮವನ್ನೂ ನೋಡಿಕೊಳ್ಳಿ. ಕಂಪ್ಯೂಟರಿನ ಕ್ರಮ ಎಡ, ಬಲ, ಸೆಂಟರ್, ಸಬ್, ಹಿಂದಿನ ಎಡ, ಹಿಂದಿನ ಬಲ. ಸಿನಿಮಾ ಮಿಕ್ಸ್ ಮಾಡುವವರಲ್ಲಿ ಎಡ, ಸೆಂಟರ್, ಬಲ, ಹಿಂದಿನ ಎಡ, ಹಿಂದಿನ ಬಲ, ಸಬ್ ಎನ್ನುವ ಕ್ರಮವೂ ಬಳಕೆಯಲ್ಲಿದೆ. ಎರಡೂ ಬೆರೆತರೆ ನಾಯಕಿಯ ಮಾತು ನಿಮ್ಮ ಬಲಗಿವಿಗೆ ಬರುತ್ತದೆ. ಬೇಸ್ ಮ್ಯಾನೇಜ್‌ಮೆಂಟ್‌ಗೆ ವಿಂಡೋಸ್‌ನಲ್ಲಿ ಈಕ್ವಲೈಸರ್ ಎಪಿಒ, ಲಿನಕ್ಸ್‌ನಲ್ಲಿ ಕ್ಯಾಮಿಲ್ಲಾಡಿಎಸ್‌ಪಿ ಎಂಬ ಉಚಿತ ಸಾಫ್ಟ್‌ವೇರ್ ಇವೆ. ಒಂದು ಸಂಜೆ ಕೂತು ಕಲಿಯಬೇಕು ಅಷ್ಟೇ.

6. ಮೂರು ಸ್ಟೀರಿಯೊ ಡ್ಯಾಕ್ ಸೇರಿಸಿದರೆ ಆರು ಚಾನಲ್ ಆಗಲ್ವಾ?

ಈ ಪ್ರಶ್ನೆ ಎಲ್ಲರಿಗೂ ಬರುತ್ತದೆ. ನನಗೂ ಬಂದಿತ್ತು. ಎಣಿಕೆಯಲ್ಲಿ ಆಗುತ್ತದೆ, ಕಿವಿಯಲ್ಲಿ ಆಗುವುದಿಲ್ಲ.

ಪ್ರತಿ ಡ್ಯಾಕ್‌ನೊಳಗೂ ಒಂದು ಸ್ಫಟಿಕದ ಗಡಿಯಾರ ಇದೆ. ಸೆಕೆಂಡಿಗೆ 48,000 ಸಲ ಟಿಕ್ ಅನ್ನಬೇಕು. ಎರಡು ಗಡಿಯಾರ ಎಂದೂ ತಂತಾನೇ ಒಂದೇ ಸಮ ನಡೆಯುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 2.4 ಟಿಕ್ ಹೆಚ್ಚುಕಮ್ಮಿ. ಒಂದು ಗಂಟೆಗೆ 8,640 ಟಿಕ್. ಅಂದರೆ ಸೆಕೆಂಡಿನ ಐದನೇ ಒಂದು ಭಾಗಕ್ಕೆ ಹತ್ತಿರ. ಸಿನಿಮಾದ ಇಂಟರ್‌ವಲ್ ಹೊತ್ತಿಗೆ ಹಿಂದಿನ ಸ್ಪೀಕರ್ ಮುಂದಿನದರ ಮಾರುದನಿಯಾಗಿರುತ್ತದೆ. ಇಲ್ಲದಿದ್ದರೆ ಕಂಪ್ಯೂಟರ್ ನಡುನಡುವೆ ಸದ್ದು ಕತ್ತರಿಸಿ ಸರಿದೂಗಿಸುತ್ತಾ 'ಟಪ್ ಟಪ್' ಅನ್ನಿಸುತ್ತದೆ. ಮ್ಯಾಕ್‌ನಲ್ಲಿ ಹಲವು ಸಾಧನಗಳನ್ನು ಒಂದಾಗಿಸಿ ಈ ಜಾರುವಿಕೆಯನ್ನು ತಿದ್ದುವ ಸೌಲಭ್ಯ ಇದೆ. ತಾತ್ಕಾಲಿಕಕ್ಕೆ ಪರವಾಗಿಲ್ಲ. ಆರೂ ಚಾನಲ್ ಒಂದೇ ಗಡಿಯಾರದ ಮೇಲೆ ನಡೆಯುವ ಒಂದೇ ಪೆಟ್ಟಿಗೆ ಅಗ್ಗದ್ದಾದರೂ, ಮೂರು ದುಬಾರಿ ಡ್ಯಾಕ್‌ಗಿಂತ ವಾಸಿ.

7. ಎಂಟು ಸಾಲದವರಿಗೆ

ಇದು ಹೆಚ್ಚಾಗಿ ರೆಕಾರ್ಡಿಂಗ್ ಮಾಡುವವರ ತಲೆನೋವು. ಉಡುಪಿ ಕಡೆಯ ಗೆಳೆಯರೊಬ್ಬರು ತಾಳಮದ್ದಳೆ ರೆಕಾರ್ಡ್ ಮಾಡುತ್ತಾರೆ. ಭಾಗವತರಿಗೊಂದು ಮೈಕು, ಮದ್ದಳೆಗೆ ಎರಡು, ಚೆಂಡೆಗೊಂದು, ಅರ್ಥಧಾರಿಗಳಿಗೆ ಐದಾರು. ಎಂಟರ ಇಂಟರ್‌ಫೇಸ್ ಸಾಲುವುದಿಲ್ಲ. ಹಾಗೆಂದು ಅದನ್ನು ಮಾರಿ ದೊಡ್ಡದು ಕೊಳ್ಳಬೇಕಾಗಿಲ್ಲ. ಅದರ ಹಿಂದೆ ಆಪ್ಟಿಕಲ್ ಇನ್ ಇದ್ದು, ಪಕ್ಕದಲ್ಲಿ ಎಡ್ಯಾಟ್ ಎಂದಿದ್ದರೆ ಇನ್ನೊಂದು ಎಂಟು ಚಾನಲ್ಲಿನ ಮೈಕ್ ಪ್ರೀಆಂಪ್ ಅದಕ್ಕೆ ಜೋಡಿಸಬಹುದು. ಬೆಹ್ರಿಂಗರ್ ಎಡಿಎ8200 ಅಂಥದ್ದು.

ತಮಾಷೆ ಎಂದರೆ ಎಡ್ಯಾಟ್‌ಗೂ ಟಿವಿಯ ಅದೇ ಟಾಸ್‌ಲಿಂಕ್ ಕೇಬಲ್. ನೋಡಲು ವ್ಯತ್ಯಾಸವೇ ಇಲ್ಲ. ಆದರೆ ಅಲೆಸಿಸ್ ಕಂಪನಿ ತನ್ನ ಎಂಟು ಟ್ರ್ಯಾಕ್ ಟೇಪ್ ಯಂತ್ರಕ್ಕಾಗಿ ಮಾಡಿದ ಈ ವ್ಯವಸ್ಥೆ ಒಂದೇ ಎಳೆಯಲ್ಲಿ 24 ಬಿಟ್‌ನ ಎಂಟು ಚಾನಲ್ ಹೊರುತ್ತದೆ. ಅದು 48 ಕಿಲೋಹರ್ಟ್ಸ್‌ನಲ್ಲಿ. 96ಕ್ಕೆ ಏರಿಸಿದರೆ ನಾಲ್ಕೇ ಚಾನಲ್. ಟಿವಿಯ ಆಪ್ಟಿಕಲ್ ಅನ್ನು ಎಡ್ಯಾಟ್ ಕಿಂಡಿಗೆ ಹಾಕಿದರೆ ಏನೂ ಬರುವುದಿಲ್ಲ. ಕೆಲವು ಇಂಟರ್‌ಫೇಸ್‌ಗಳಲ್ಲಿ ಒಂದೇ ಕಿಂಡಿಯನ್ನು ಎರಡರಲ್ಲಿ ಯಾವುದಕ್ಕಾದರೂ ಹೊಂದಿಸಬಹುದು.

ಇಲ್ಲೂ ಗಡಿಯಾರ ಒಂದೇ ಇರಬೇಕು. ಒಬ್ಬ ಯಜಮಾನ, ಉಳಿದವರು ಅವನ ತಾಳಕ್ಕೆ. ಪ್ರೀಆಂಪ್ ಯಜಮಾನನಾದರೆ ಇಂಟರ್‌ಫೇಸ್‌ನಲ್ಲಿ ಕ್ಲಾಕ್ 'ಎಡ್ಯಾಟ್' ಎಂದಿರಲಿ. ಎರಡೂ 'ಇಂಟರ್ನಲ್' ಎಂದಿದ್ದರೆ ರೆಕಾರ್ಡಿಂಗ್ ಪೂರ್ತಿ ಅಲ್ಲಲ್ಲಿ ಟಿಕ್ ಟಿಕ್. ಗೆಳೆಯರ ಒಂದು ಇಡೀ ರಾತ್ರಿಯ ಪ್ರಸಂಗ ಹಾಗೆ ಹಾಳಾಗಿತ್ತು.

64 ಚಾನಲ್ಲಿನ ಮ್ಯಾಡಿ, ನೆಟ್‌ವರ್ಕ್ ಕೇಬಲ್‌ನಲ್ಲಿ ಹೋಗುವ ಡಾಂಟೆ, ಇವೆಲ್ಲ ಸಭಾಂಗಣ, ಟಿವಿ ಸ್ಟುಡಿಯೊ ಮಟ್ಟದವು. ಮನೆಗೆ ಬೇಡ.

8. ಡಬ್ಬದ ಮೇಲಿನ ಅಂಕಿಗಳು

32 ಬಿಟ್, 384 ಕಿಲೋಹರ್ಟ್ಸ್ ಎಂದು ಬರೆದಿದ್ದರೆ ಖುಷಿಪಡಿ, ಅದಕ್ಕಾಗಿ ಜಾಸ್ತಿ ದುಡ್ಡು ಕೊಡಬೇಡಿ. ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನದಕ್ಕೂ ನಡುವಿನ ಅಂತರದಲ್ಲಿ 24 ಬಿಟ್‌ನ ಲೆಕ್ಕದ ಮಿತಿಯೇ 144 ಡೆಸಿಬಲ್. ಒಳ್ಳೆಯ ಡ್ಯಾಕ್‌ಗಳು ನಿಜದಲ್ಲಿ ಮುಟ್ಟುವುದು 120ರ ಆಸುಪಾಸು. ನಿಮ್ಮ ಹಾಲ್‌ನಲ್ಲಿ ಫ್ಯಾನ್ ತಿರುಗುತ್ತಿದೆ, ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿದೆ. 100 ಡೆಸಿಬಲ್ ದಾಟಿದ ಯಾವುದೂ ಸಾಕು. ಉಳಿದ ಹಣವನ್ನು ಸೆಂಟರ್ ಸ್ಪೀಕರ್‌ಗೆ ಹಾಕಿ. ಸಿನಿಮಾದ ಮಾತು ಬಹುಪಾಲು ಬರುವುದು ಅದರಿಂದಲೇ.

ನೋಡಬೇಕಾದ ಅಂಕಿ ಎಂದರೆ ವೋಲ್ಟೇಜ್ ಮಟ್ಟ. ಸ್ಟುಡಿಯೊ ಸಾಧನಗಳು +4 ಡಿಬಿಯು, ಅಂದರೆ 1.23 ವೋಲ್ಟ್ ಲೆಕ್ಕದವು. ಮನೆಯ ಸಾಧನಗಳ ಲೆಕ್ಕ -10 ಡಿಬಿವಿ, ಅಂದರೆ 0.32 ವೋಲ್ಟ್. ಇಂಟರ್‌ಫೇಸ್‌ನಿಂದ ಮನೆಯ ಆಂಪ್‌ಗೆ ನೇರ ಕೊಟ್ಟರೆ ಸದ್ದು ಒಡೆದು ಕೇಳಬಹುದು. ಅದಲುಬದಲಾದರೆ ತೀರಾ ಮೆಲ್ಲಗೆ. ಕೆಲವು ಸಾಧನಗಳಲ್ಲಿ ಇದಕ್ಕೆ ಸ್ವಿಚ್ ಇರುತ್ತದೆ. ಇಲ್ಲದಿದ್ದರೆ ಸಾಫ್ಟ್‌ವೇರ್‌ನಲ್ಲಿ 12 ಡೆಸಿಬಲ್ ಇಳಿಸಿ.

9. 'ಹೂಂ' ಅನ್ನುವ ಸದ್ದು

ಎಲ್ಲ ಜೋಡಿಸಿದ ಮೇಲೆ ಹಿನ್ನೆಲೆಯಲ್ಲಿ ಸಣ್ಣಗೆ ಹೂಂ ಎಂದು ಗುನುಗಿದರೆ ಅದು ನಮ್ಮ ಕರೆಂಟಿನ 50 ಹರ್ಟ್ಸ್. ಬೇರೆ ಬೇರೆ ಪ್ಲಗ್‌ನಲ್ಲಿರುವ ಸಾಧನಗಳ ಅರ್ತ್ ನಡುವೆ ಸುತ್ತು ಉಂಟಾದಾಗ ಹೀಗಾಗುತ್ತದೆ. ನಮ್ಮನೆಯಲ್ಲಿ ಕೇಬಲ್ ಟಿವಿಯ ವೈರು ಕಿತ್ತ ತಕ್ಷಣ ನಿಂತಿತು. ಒಂದೊಂದೇ ಕೇಬಲ್ ಕಿತ್ತು ನೋಡಿ, ಯಾವುದನ್ನು ಕಿತ್ತಾಗ ನಿಲ್ಲುತ್ತದೆಯೋ ಅದೇ ಕಳ್ಳ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ಆಪ್ಟಿಕಲ್‌ನಲ್ಲಿ ಹೋಗುವುದು ಬೆಳಕಾದ್ದರಿಂದ ಆ ಜಾಗದಲ್ಲಿ ಸುತ್ತು ಕಡಿಯುತ್ತದೆ. ಅಗ್ಗದ ಹಳೆಯ ಕೇಬಲ್ಲಿಗೆ ಇದೊಂದು ಹೆಚ್ಚುಗಾರಿಕೆ.

ಮೂರು ಪಿನ್ನಿನ ಪ್ಲಗ್‌ನ ಅರ್ತ್ ಪಿನ್ ಮಾತ್ರ ಮುರಿಯಬೇಡಿ. ಹಾಗೆ ಸಲಹೆ ಕೊಡುವವರು ಸಿಗುತ್ತಾರೆ. ಸದ್ದು ನಿಲ್ಲುತ್ತದೆ ನಿಜ, ಮುಂದೊಂದು ದಿನ ಆಂಪ್ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ.

10. ಜಾಗ, ಹೊತ್ತು, ಚೀಟಿ

ಮುಂದಿನ ಎರಡು ಸ್ಪೀಕರ್ ನಡುಗೆರೆಯಿಂದ 30 ಡಿಗ್ರಿ ಎಡಬಲಕ್ಕೆ. ಹಿಂದಿನವು 110 ಡಿಗ್ರಿ, ಅಂದರೆ ನಿಮ್ಮ ಕಿವಿಗಿಂತ ಸ್ವಲ್ಪವೇ ಹಿಂದೆ. ನಾನು ಗೋಡೆಯ ಮೂಲೆಗೆ ಇಟ್ಟಿದ್ದೆ, ಸೋಫಾ ಪಕ್ಕಕ್ಕೆ ತಂದ ಮೇಲೆ ಬೇರೆಯದೇ ಆಯಿತು. ಒಂದು ಮೀಟರ್ ದೂರಕ್ಕೆ ಸದ್ದು ಸುಮಾರು 3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಡಿಕೋಡರ್‌ನಲ್ಲಿ ಡಿಲೇ ಇದ್ದರೆ ಹತ್ತಿರ ಇರುವ ಸ್ಪೀಕರ್‌ಗೆ ಅಷ್ಟು ಸೇರಿಸಿ. ತುಟಿಗೂ ಮಾತಿಗೂ ತಾಳ ತಪ್ಪಿದರೆ ಟಿವಿಯಲ್ಲಿ 'ಆಡಿಯೊ ಡಿಲೇ' ಹುಡುಕಿ.

ಎಲ್ಲ ಸರಿಹೋದ ದಿನವೇ ಹಿಂಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಒಂದೊಂದು ಪಿನ್ನಿಗೂ ಚೀಟಿ ಅಂಟಿಸಿ. ನಮ್ಮನೆಯಲ್ಲಿ ಆಯುಧಪೂಜೆಗೆ ಟಿವಿ ಮೇಜು ಒರೆಸುವಾಗ ವರ್ಷಕ್ಕೊಮ್ಮೆ ಎಲ್ಲವೂ ಕಿತ್ತು ಬರುತ್ತವೆ. ಈಗ ಕಪ್ಪು ಪಿನ್ನಿನ ಮೇಲೆ ಮಗಳ ಕೈಬರಹದಲ್ಲಿ 'ಹಿಂದೆ, ಶೋಕಿಗಲ್ಲ' ಎಂದಿದೆ.